ಕೋವಿಗೆ ಬೈಪಾಡ್ ಬೇಕಾ? ಕೊಳ್ಳೋ ಮುಂಚೆ ಇಷ್ಟು ತಿಳಿದಿರಲಿ

ಮಡಿಕೇರಿ: ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಊರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯದ್ದೇ ಮಾತು. .22 ರೈಫಲ್, ಏರ್‌ರೈಫಲ್ ಇಟ್ಟುಕೊಂಡಿರುವವರಲ್ಲಿ ಈಗ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ: ಬೈಪಾಡ್ ಹಾಕಿಸಿದರೆ ಗುರಿ ಸುಧಾರಿಸುತ್ತಾ? ಯಾವುದು ಒಳ್ಳೇದು?

ಉತ್ತರ ಬ್ರ್ಯಾಂಡ್ ಹೆಸರಲ್ಲಿಲ್ಲ. ಯಾವ ಕೋವಿ, ಯಾವ ಭಂಗಿಯಲ್ಲಿ ಹೊಡೆಯುತ್ತೀರಿ ಅನ್ನೋದರಲ್ಲಿದೆ. ಅದನ್ನು ನೋಡದೆ ಕೊಂಡರೆ ದುಡ್ಡೂ ದಂಡ, ಗುರಿಯೂ ಕೆಡುತ್ತದೆ.

ಬೈಪಾಡ್ ಅಂದರೆ ಏನು?

ರೈಫಲ್‌ನ ಮುಂಭಾಗದ ಮರಕ್ಕೆ ಕೆಳಗಿನಿಂದ ಕೂರಿಸುವ, ಮಡಚಬಹುದಾದ ಎರಡು ಕಾಲಿನ ಆಧಾರ. ಸೇನೆಯಲ್ಲಿ ಬ್ರೆನ್ ಗನ್ ಅಥವಾ ಇನ್ಸಾಸ್ ಎಲ್‌ಎಂಜಿ ಹಿಡಿದವರಿಗೆ ಇದು ಹೊಸದೇನಲ್ಲ. ಕೋವಿಯ ಮುಂದಿನ ಭಾರವನ್ನು ಅದು ಹೊರುತ್ತದೆ, ಕೈ ನಡುಕ ತಗ್ಗುತ್ತದೆ. ಆದರೆ ಹಿಂಭಾಗವನ್ನು ಹಿಡಿಯೋದು, ಟ್ರಿಗರ್ ಎಳೆಯೋದು ಇವೆಲ್ಲ ಹೊಡೆಯುವವರ ಕೈಯಲ್ಲೇ ಇರುತ್ತದೆ.

ಯಾರಿಗೆ ಬೇಡ?

ನಿಂತು ಹೊಡೆಯುವವರಿಗೆ ಇದರಿಂದ ಉಪಯೋಗವಿಲ್ಲ, ಮುಂದೆ ತೂಕ ಹೆಚ್ಚುತ್ತದೆ ಅಷ್ಟೇ. ಊರಿನ ಸ್ಪರ್ಧೆಗೆ ಹೋಗುವವರು ಆಧಾರ ಬಳಸಲು ಬಿಡುತ್ತಾರಾ ಅಂತ ಆಯೋಜಕರನ್ನು ಮೊದಲೇ ಕೇಳಬೇಕು. ಒಲಿಂಪಿಕ್ಸ್ ಮಾದರಿಯ 10 ಮೀಟರ್ ಏರ್ ರೈಫಲ್, 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಗಳಲ್ಲಿ ಬೈಪಾಡ್‌ಗೆ ಅವಕಾಶವೇ ಇಲ್ಲ. 50 ಮೀಟರ್‌ನಲ್ಲಿ ಮಲಗಿದಾಗ, ಮಂಡಿಯೂರಿದಾಗ ತೋಳಿಗೆ ಬಿಗಿಯುವ ಸ್ಲಿಂಗ್ ಬಳಸಬಹುದು. ಆ ದಾರಿಗೆ ಹೋಗಬೇಕೆನ್ನುವ ಮಕ್ಕಳಿಗೆ ಬೈಪಾಡ್ ಅಭ್ಯಾಸ ಮಾಡಿಸದಿರೋದೇ ಒಳ್ಳೇದು.

ಸ್ಪ್ರಿಂಗ್ ಏರ್‌ಗನ್ ಇರುವವರೂ ಯೋಚಿಸಬೇಕು. ಇದರಲ್ಲಿ ಪೆಲೆಟ್ ನಳಿಕೆ ದಾಟುವ ಮೊದಲೇ ಒಳಗಿನ ಪಿಸ್ಟನ್ ಓಡಿ, ಕೋವಿ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಪ್ರತಿ ಸಲವೂ ಒಂದೇ ರೀತಿ ಸಡಿಲವಾಗಿ ಹಿಡಿದರೆ ಮಾತ್ರ ಪೆಲೆಟ್ ಒಂದೇ ಕಡೆ ಬೀಳುತ್ತದೆ. ಗಟ್ಟಿ ಕಾಲಿನ ಮೇಲೆ ಕೂರಿಸಿದರೆ ಚದುರುವುದೇ ಹೆಚ್ಚು. ಗಾಳಿ ತುಂಬಿಸುವ ಪಿಸಿಪಿ ಏರ್‌ರೈಫಲ್‌ನಲ್ಲಿ ಒದೆತ ಕಡಿಮೆ, ಅದಕ್ಕೆ ಬೈಪಾಡ್ ಹೊಂದುತ್ತದೆ.

ಯಾರಿಗೆ ಬೇಕು?

ಮಲಗಿ ಇಲ್ಲವೇ ಮೇಜಿನ ಮೇಲಿಟ್ಟು ಹೊಡೆಯುವವರಿಗೆ, ಸ್ಕೋಪ್ ಝೀರೋ ಮಾಡಿಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ದೂರದ ಗುರಿಯ ಎಫ್-ಟಿಆರ್ ಅನ್ನೋ ವಿಭಾಗದಲ್ಲಿ ಬೈಪಾಡ್ ಬಳಸಿಯೇ ಹೊಡೆಯುತ್ತಾರೆ. ಅಲ್ಲಿ ಬೈಪಾಡ್, ಸ್ಕೋಪ್ ಸೇರಿ ರೈಫಲ್ ತೂಕ 8.25 ಕೆ.ಜಿ. ಮೀರುವಂತಿಲ್ಲ.

ಎತ್ತರ ಎಷ್ಟಿರಬೇಕು?

ಹೆಚ್ಚಿನವರು ಎಡವೋದು ಇಲ್ಲೇ. ಉದ್ದ ಕಾಲಿದ್ದರೆ ಎಲ್ಲದಕ್ಕೂ ಆಗುತ್ತೆ ಅಂದುಕೊಳ್ಳುತ್ತಾರೆ. ಉದ್ದವಾದಷ್ಟೂ ಅಲುಗಾಟ ಜಾಸ್ತಿ.

- 6ರಿಂದ 9 ಇಂಚು: ಸಮತಟ್ಟು ನೆಲದಲ್ಲಿ ಮಲಗಿ ಅಥವಾ ಮೇಜಿನ ಮೇಲೆ.
- 9ರಿಂದ 13 ಇಂಚು: ಹುಲ್ಲು, ಏರುತಗ್ಗು ಇರುವಲ್ಲಿ ಮಲಗಿ. ದಪ್ಪ ಮೈಯವರಿಗೂ, ಕತ್ತು ನೋವಿರುವವರಿಗೂ ಇದೇ ಹಿತ.
- 13ರಿಂದ 27 ಇಂಚು: ನೆಲದಲ್ಲಿ ಕೂತು ಹೊಡೆಯಲು.

ಅಮೆರಿಕದ ಹ್ಯಾರಿಸ್ ಕಂಪನಿಯ ಬೈಪಾಡ್‌ಗಳು ಹೆಚ್ಚುಕಡಿಮೆ ಇದೇ ಅಳತೆಗಳಲ್ಲಿ ಬರುತ್ತವೆ. ಬೇರೆ ಹಲವರದ್ದೂ ಇದೇ ಲೆಕ್ಕ. ಒಂದೇ ಕೊಳ್ಳೋದಾದರೆ ಹೆಚ್ಚಿನವರಿಗೆ 6-9 ಇಂಚಿನದ್ದು ಸಾಕು.

ಕೂರಿಸೋದು ಹೇಗೆ?

ಹಳೆಯ ಮರದ ರೈಫಲ್‌ಗಳಲ್ಲಿ ಬೆಲ್ಟ್ ಸಿಕ್ಕಿಸುವ ಸ್ಕ್ರೂ ಇರುತ್ತದೆ, ಅದಕ್ಕೇ ಬೈಪಾಡ್ ಹಿಡಿಸಬಹುದು. ಆದರೆ ಮಳೆಗಾಲದ ತೇವಕ್ಕೆ ಮರ ಸಡಿಲವಾಗಿ ಸ್ಕ್ರೂ ಅಲುಗುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಬೇಕು. ಹೊಸ ಮಾದರಿಗಳಲ್ಲಿ ಪಿಕಟಿನಿ ರೈಲ್ ಅಥವಾ ಎಂ-ಲಾಕ್ ಕಿಂಡಿ ಇರುತ್ತದೆ. ನಿಮ್ಮದರಲ್ಲಿ ಯಾವುದಿದೆ ನೋಡಿಕೊಂಡೇ ಆರ್ಡರ್ ಮಾಡಿ.

ನಳಿಕೆಗೇ ಕಚ್ಚಿಸುವ ಅಗ್ಗದ ಬೈಪಾಡ್ ಬೇಡ. ನಳಿಕೆ ಮೇಲೆ ಒತ್ತಡ ಬಿದ್ದರೆ ಗುಂಡು ಬೀಳೋ ಜಾಗವೇ ಬದಲಾಗುತ್ತದೆ. ನಳಿಕೆ ಮರಕ್ಕೆ ತಾಗದ ಹಾಗೆ ಮಾಡಿದ ರೈಫಲ್ ಆಗಿದ್ದರೆ, ಬೈಪಾಡ್ ಹಾಕಿ ಭಾರ ಬಿಟ್ಟ ಮೇಲೆ ನಳಿಕೆಗೂ ಮರಕ್ಕೂ ನಡುವೆ ಕಾಗದದ ಚೂರು ಎಳೆದು ನೋಡಿ. ಸಲೀಸಾಗಿ ಹಾದುಹೋಗಬೇಕು.

ಅಂಗಡಿಯಲ್ಲೇ ನೋಡಬೇಕಾದ್ದು

ಕಾಲು ಬಿಡಿಸಿ ಮುಂದಕ್ಕೆ ಒತ್ತಿ, ಮಡಚಿಕೊಳ್ಳಬಾರದು. ಎರಡೂ ಕಾಲಿನ ಗುಂಡಿ ಒಂದೇ ಗಾತ್ರಕ್ಕೆ ಲಾಕ್ ಆಗಬೇಕು. ನಮ್ಮ ಕಡೆಯ ಇಳಿಜಾರು ನೆಲಕ್ಕೆ, ಕೋವಿಯನ್ನು ಎಡಬಲ ವಾಲಿಸಿ ನೇರ ಮಾಡಿಕೊಳ್ಳುವ ಸ್ವಿವೆಲ್ ಸೌಲಭ್ಯ ಇರಲೇಬೇಕು. ಇಲ್ಲದಿದ್ದರೆ ರೈಫಲ್ ವಾಲಿ ಗುಂಡು ಪಕ್ಕಕ್ಕೆ ಸರಿಯುತ್ತದೆ. ಬೈಪಾಡ್ ಸಾಮಾನ್ಯವಾಗಿ 300ರಿಂದ 600 ಗ್ರಾಂ ತೂಗುತ್ತದೆ. ಹಗುರ ರೈಫಲ್‌ಗೆ ಇದೂ ಗೊತ್ತಾಗುವಷ್ಟು ಭಾರ.

ಬಳಸುವಾಗ

ಸಿಮೆಂಟ್ ನೆಲ, ಬರೀ ಮೇಜಿನ ಮೇಲೆ ಇಟ್ಟರೆ ಕಾಲು ಕುಣಿಯುತ್ತದೆ. ಕೆಳಗೆ ಮ್ಯಾಟ್ ಹಾಸಿ, ಭುಜದಿಂದ ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡಿಯಿರಿ. ಹಿಂಭಾಗದ ಕೆಳಗೆ ಮರಳು ಅಥವಾ ಅಕ್ಕಿ ತುಂಬಿದ ಸಣ್ಣ ಚೀಲ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಬೈಪಾಡ್ ಹಾಕಿದ ಮೇಲೆ ಝೀರೋ ಮತ್ತೆ ಪರೀಕ್ಷಿಸಿ.

ಅಪಾಯ ಎಲ್ಲಿದೆ?

ಸ್ಕೋಪ್ ನಳಿಕೆಗಿಂತ ಕೆಲವು ಸೆಂಟಿಮೀಟರ್ ಮೇಲಿರುತ್ತದೆ. ಬೈಪಾಡ್ ತಗ್ಗಿಸಿದಾಗ ಸ್ಕೋಪ್‌ನಲ್ಲಿ ಗುರಿ ಸ್ಪಷ್ಟವಾಗಿ ಕಾಣುತ್ತಿದ್ದರೂ, ನಳಿಕೆಯ ಬಾಯಿ ಎದುರಿನ ಕಲ್ಲಿಗೋ ಮೇಜಿನ ಅಂಚಿಗೋ ನೇರವಾಗಿರಬಹುದು. ಗುಂಡು ಅಲ್ಲಿಗೆ ಬಡಿದು ಸಿಡಿದರೆ ಯಾರಿಗೆ ತಾಗುತ್ತದೋ ಹೇಳಲಾಗದು. ಟ್ರಿಗರ್ ಮುಟ್ಟುವ ಮೊದಲು ತಲೆಯೆತ್ತಿ ನಳಿಕೆಯ ಮುಂದೆ ಏನಿದೆ ಅಂತ ಬರಿಗಣ್ಣಲ್ಲಿ ನೋಡಲೇಬೇಕು. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಬೇಕು.

ಇನ್ನೊಂದು ತಪ್ಪು, ಕಾಲ ಮೇಲೆ ನಿಂತಿದೆ ಅಂತ ಕೋವಿಯನ್ನು ಲೋಡ್ ಆದ ಹಾಗೇ ಬಿಟ್ಟು ಎದ್ದುಹೋಗೋದು. ಮಕ್ಕಳು ಓಡಾಡೋ ಜಾಗದಲ್ಲಿ ಇದು ಅನಾಹುತಕ್ಕೆ ದಾರಿ. ಏಳುವ ಮೊದಲು ತೋಟಾ ತೆಗೆದು, ಬೋಲ್ಟ್ ತೆರೆದಿಡಿ.

ಕಾನೂನಿನ ಮಾತೂ ನೆನಪಿರಲಿ. 4.5 ಮಿ.ಮೀ. ದಾಟಿದ ಅಥವಾ 20 ಜೂಲ್ ಮೀರಿದ ಏರ್‌ರೈಫಲ್‌ಗೆ 2016ರ ಆಯುಧ ನಿಯಮದ ಪ್ರಕಾರ ಪರವಾನಗಿ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ಕೋವಿ ವಿನಾಯಿತಿ 2029ರವರೆಗೆ ಇದೆಯಾದರೂ ಅದು ಬೇಟೆಗೆ ಅನುಮತಿಯಲ್ಲ. 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ.