ಬಿಟ್ಟಿ

‘ದುಡ್ಡೇನು ಬಿಟ್ಟಿ ಬಂದಿದೆಯಾ?’ ಎಂದು ಗದರುವವರಿಗೆ ಈ ಪದದ ಪೂರ್ವಾಶ್ರಮ ನೆನಪಿರುವುದಿಲ್ಲ. ಸಂಸ್ಕೃತದ ವಿಷ್ಟಿಯಿಂದ ಬಂದ ಬಿಟ್ಟಿ ಮೊದಲು ಪಡೆಯುವವರ ಮಾತಾಗಿರಲಿಲ್ಲ, ಕಸಿಸಿಕೊಂಡವರ ಮಾತಾಗಿತ್ತು. ಸರ್ಕೀಟು ಬಂದ ಸಾಹೇಬರ ಸಾಮಾನು ಹೊರುವುದು, ಗೌಡರ ಹೊಲದಲ್ಲಿ ಕೂಲಿಯಿಲ್ಲದೆ ಗೇಯುವುದು, ಸತ್ತ ದನ ಎಳೆಯುವುದು, ಜಾತ್ರೆಗೆ ತಮಟೆ ಬಡಿಯುವುದು, ಇವೆಲ್ಲ ಬಿಟ್ಟಿ ಚಾಕರಿ. ಯಾವ ಕೇರಿಯವರು ಮಾಡುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ. ಸಂವಿಧಾನದ 23ನೇ ವಿಧಿ ಇದನ್ನು ನಿಷೇಧಿಸಿತು. ಮಾತಿನಲ್ಲೂ ಚಾಕರಿ ಉದುರಿ ಬಿಟ್ಟಿ ಮಾತ್ರ ಉಳಿಯಿತು, ಮಗ್ಗುಲು ಬದಲಿಸಿಕೊಂಡು: ದುಡಿದರೂ ಸಿಗದ್ದು ಹೋಗಿ ದುಡಿಯದೆ ಸಿಕ್ಕಿದ್ದು ಎಂದಾಯಿತು.

1867ರ ‘ದಾಸ್ ಕ್ಯಾಪಿಟಲ್’ ಮೊದಲ ಸಂಪುಟದಲ್ಲಿ ಮಾರ್ಕ್ಸ್ ಇಂಥದೇ ಬಿಟ್ಟಿಯ ಮುಂದೆ ನಿಲ್ಲುತ್ತಾನೆ. ಈಗಿನ ರುಮೇನಿಯಾದ ವಲಾಕಿಯಾ ಸೀಮೆಯ ರೈತ ಕೆಲವು ದಿನ ತನ್ನ ಹೊಲದಲ್ಲಿ, ಕೆಲವು ದಿನ ಒಡೆಯನ ಹೊಲದಲ್ಲಿ ದುಡಿಯುತ್ತಿದ್ದ. ಯಾವುದು ತನ್ನದು, ಯಾವುದು ಬಿಟ್ಟಿ ಎಂಬುದಕ್ಕೆ ನಡುವಿನ ಬದುವೇ ಸಾಕ್ಷಿ. ಕಾರ್ಖಾನೆಯಲ್ಲಿ ಆ ಬದು ಇಲ್ಲ. ಕಾರ್ಮಿಕ ತನ್ನ ಕೂಲಿಯಷ್ಟು ಮೌಲ್ಯವನ್ನು ಪಾಳಿಯ ಒಂದು ಭಾಗದಲ್ಲೇ ದುಡಿದು ತೀರಿಸುತ್ತಾನೆ. ಉಳಿದ ಹೊತ್ತಿನ ದುಡಿಮೆ ಹೆಚ್ಚುವರಿ ಮೌಲ್ಯವಾಗಿ ಮಾಲೀಕನ ಪಾಲಿಗೆ. ಆದರೂ ಪೂರ್ತಿ ದಿನಕ್ಕೆ ಸಂಬಳ ಕೊಟ್ಟಂತೆಯೇ ಕಾಣುತ್ತದೆ. ಈ ಲೆಕ್ಕ ಒಪ್ಪದ ಅರ್ಥಶಾಸ್ತ್ರಜ್ಞರು ಬಹಳ ಮಂದಿ. ಬದು ಅಳಿಸಿಹೋಗಿದೆ ಎಂಬುದನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಕಂಪ್ಯೂಟರಿನ ಪರದೆಯಲ್ಲಂತೂ ಆ ಬದುವನ್ನು ಹುಡುಕುವುದೇ ಕಷ್ಟ. ‘ನೀವು ರೋಬೋಟ್ ಅಲ್ಲ’ ಎಂದು ತೋರಿಸಲು ಸೊಟ್ಟ ಅಕ್ಷರಗಳ ಎರಡು ಪದ ಟೈಪು ಮಾಡಿದ್ದು ನೆನಪಿದೆಯೇ? ಆ ರೀಕ್ಯಾಪ್ಚಾದಲ್ಲಿ ಒಂದು ಪದ ಯಂತ್ರಕ್ಕೆ ಮೊದಲೇ ಗೊತ್ತು. ಇನ್ನೊಂದು, ‘ನ್ಯೂಯಾರ್ಕ್ ಟೈಮ್ಸ್’ನಂಥ ಪತ್ರಿಕೆಯ ಹಳೆಯ ಪುಟಗಳಿಂದ ಎತ್ತಿದ, ಯಂತ್ರಕ್ಕೆ ಓದಲಾಗದ ಪದ. ಓದಿಕೊಟ್ಟವರು ನಾವು. 2009ರಲ್ಲಿ ಗೂಗಲ್ ರೀಕ್ಯಾಪ್ಚಾ ಕಂಪನಿಯನ್ನೇ ಕೊಂಡಿತು. ಗೂಗಲ್‌ನ ಇಮೇಲ್ ನಮಗೆ ಬಿಟ್ಟಿ, ನಾವು ಅವರಿಗೆ ಬಿಟ್ಟಿ. ಪದದ ಎರಡೂ ಅರ್ಥ ಒಂದೇ ಕಿಟಕಿಯಲ್ಲಿ.

ಮನೆಯೊಳಗಿನ ಬಿಟ್ಟಿ ಇದಕ್ಕಿಂತ ಹಳೆಯದು. ಸ್ತ್ರೀವಾದಿಗಳಾದ ಸೆಲ್ಮಾ ಜೇಮ್ಸ್ ಮತ್ತು ಇಟಲಿಯ ಮರಿಯರೋಸಾ ದಲ್ಲಾ ಕೋಸ್ತಾ 1972ರಲ್ಲಿ ಮಾರ್ಕ್ಸ್‌ನ ಲೆಕ್ಕವನ್ನು ಅಡುಗೆಮನೆಗೆ ತಂದರು: ನಾಳೆ ಕೆಲಸಕ್ಕೆ ಹೋಗುವವನನ್ನು ಇಂದು ಉಣಿಸಿ ಅಣಿಮಾಡುವ ದುಡಿಮೆಗೆ ಕೂಲಿ ಎಲ್ಲಿ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಭಾರತದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಕರ್ನಾಟಕದಲ್ಲಿ 2023ರಿಂದ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಗೆ ‘ಬಿಟ್ಟಿ ಭಾಗ್ಯ’ ಎಂಬ ಅಡ್ಡಹೆಸರು ಬಿತ್ತು. ಸರ್ಕಾರವೇನೂ ಅದನ್ನು ಮನೆಗೆಲಸದ ಕೂಲಿ ಎಂದಿಲ್ಲ. ಹಾಗೊಮ್ಮೆ ಅಂದುಕೊಂಡರೂ, ದಿನಕ್ಕೆ ಐದು ತಾಸಿನಂತೆ ಗಂಟೆಗೆ 13 ರೂಪಾಯಿ ಚಿಲ್ಲರೆ ಬೀಳುತ್ತದೆ.