ಬಿಸಿಯೂಟದ ಒಲೆ ಹೊತ್ತಿಸಿದವರು

ಚೆನ್ನೈನಲ್ಲಿರುವ ನಮಗೆ ಥೌಸಂಡ್ ಲೈಟ್ಸ್ ಎಂದರೆ ಒಂದು ಮೆಟ್ರೋ ನಿಲ್ದಾಣ. ಆದರೆ ದಕ್ಷಿಣ ಭಾರತದ ಶಾಲಾ ಊಟದ ಚರಿತ್ರೆಯನ್ನು ಅಲ್ಲಿಂದಲೇ ಹೇಳಬೇಕು. 1920ರಲ್ಲಿ ಮದರಾಸು ಕಾರ್ಪೊರೇಷನ್ ಆ ಬಡಾವಣೆಯ ತನ್ನ ಶಾಲೆಯ ಮಕ್ಕಳಿಗೆ ತಿಂಡಿ ಕೊಡಲು ನಿರ್ಣಯಿಸಿತು. ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರಬಾರದೆಂಬ ಷರತ್ತೂ ಇತ್ತು. ಆಗ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದವರು ಪಿಟ್ಟಿ ತ್ಯಾಗರಾಯ ಚೆಟ್ಟಿ. ನಾವು ಸೀರೆ ಕೊಳ್ಳಲು ಹೋಗುವ ಟಿ. ನಗರದ 'ಟಿ' ಇವರೇ! ಶಿಕ್ಷಣ ನಿಧಿಯ ಹಣವನ್ನು ಊಟಕ್ಕೆ ಖರ್ಚು ಮಾಡಕೂಡದೆಂದು 1925ರಲ್ಲಿ ಬ್ರಿಟಿಷ್ ಸರ್ಕಾರ ಇದಕ್ಕೆ ಅಡ್ಡಗಾಲು ಹಾಕಿತು.

ಮೂವತ್ತು ವರ್ಷಗಳ ನಂತರ ಇದಕ್ಕೆ ಮತ್ತೆ ಜೀವ ಕೊಟ್ಟವರು ಮುಖ್ಯಮಂತ್ರಿ ಕಾಮರಾಜರು. ಸ್ವತಃ ಬಡತನದಿಂದ ಶಾಲೆ ಬಿಟ್ಟವರು ಅವರು. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಖಜಾನೆಯಲ್ಲಿ ಹಣ ಸಾಲದು. ಹಾಗಾಗಿ 1956ರ ಹೊತ್ತಿಗೆ ಊರಿನವರ ದೇಣಿಗೆಯಿಂದಲೇ ಊಟ ಆರಂಭವಾಯಿತು. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಊರೂರು ಸುತ್ತಿ, ಶಾಲೆಗಾಗಿ ಸಭೆ ಸೇರಿಸಿ, ಜನರಿಂದ ಕೊಡುಗೆ ಕೇಳಿದರು. ಆಮೇಲೆ ಸರ್ಕಾರವೂ ಖರ್ಚಿನಲ್ಲಿ ಪಾಲು ಹಾಕಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸೊಗಸಾದ ಭಾಗ ಇದೇ. ಏಕೆಂದರೆ ಅನ್ನಕ್ಕೆ ತಾವೂ ಕೈಹಾಕಿದ ಊರಿನವರು ಅದು ಮಕ್ಕಳ ತಟ್ಟೆಗೆ ಬಿತ್ತೇ ಎಂದು ಇಣುಕಿಯೂ ನೋಡುತ್ತಾರೆ. 1982ರಲ್ಲಿ ಎಂ.ಜಿ.ಆರ್. ಇದನ್ನೇ ಬಹು ದೊಡ್ಡದಾಗಿ ಬೆಳೆಸಿದರು.

ದೇಶದ ಉಳಿದ ಕಡೆಯದು ಬೇರೆ ಕಥೆ. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಬಂದರೂ, ಹಲವು ರಾಜ್ಯಗಳಲ್ಲಿ ಮಕ್ಕಳು ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಹೊತ್ತು ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಅದು ಎಷ್ಟು ಬಾಯಿಗೆ ಹಂಚಿಹೋಗುತ್ತಿತ್ತು ಎಂಬುದು ತಾಯಂದಿರಾದ ನಮಗೆ ಗೊತ್ತೇ ಇದೆ. ಪಿಯುಸಿಎಲ್ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು: ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕಡಿಮೆಯೆಂದರೂ 200 ದಿನ.

ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ 'ಅಕ್ಷರ ದಾಸೋಹ' ಶುರುವಾಯಿತು; ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಮಠಗಳ ದಾಸೋಹ ಕಂಡಿದ್ದ ನಾಡಿನಲ್ಲಿ ಆ ಹೆಸರು ತಕ್ಷಣ ಒಗ್ಗಿತು. ಜನರ ಬಾಯಲ್ಲಿ ಮಾತ್ರ ಉಳಿದದ್ದು 'ಬಿಸಿಯೂಟ'. ಬೆಂಗಳೂರಿನಂಥ ಕಡೆ ಅಕ್ಷಯ ಪಾತ್ರೆಯ ದೊಡ್ಡ ಅಡುಗೆಮನೆಯಿಂದ ವ್ಯಾನುಗಳಲ್ಲಿ ಊಟ ಹೋದರೆ, ಹಳ್ಳಿಗಳಲ್ಲಿ ಶಾಲೆಯ ಅಂಗಳದಲ್ಲೇ ಒಲೆ ಹೊತ್ತಿತು. 2013ರ ಆಗಸ್ಟ್‌ನಲ್ಲಿ 'ಕ್ಷೀರಭಾಗ್ಯ' ಬಂದು ಹಾಲು ಒಕ್ಕೂಟಗಳೂ ಜೊತೆಗೂಡಿದವು. ಊರಿನ ಡೇರಿಗೆ ಹಾಲು ಹಾಕುವ ಹೆಣ್ಣುಮಗಳ ಶ್ರಮ, ಪುಡಿಯಾಗಿಯಾದರೂ ಸರಿ, ಶಾಲೆಯ ಲೋಟಕ್ಕೆ ಬಂತು.

ಊಟ ಸ್ಥಳೀಯವಾಯಿತೇ ಎಂದರೆ ಉತ್ತರ ಅಷ್ಟು ಸುಲಭವಲ್ಲ. ಕಲಬುರಗಿ ಕಡೆ ಮನೆಯಲ್ಲಿ ಜೋಳದ ರೊಟ್ಟಿ ತಿಂದು ಬೆಳೆಯುವ ಮಗುವಿಗೂ ಶಾಲೆಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಗೋದಾಮಿನ ಅಕ್ಕಿಯ ಅನ್ನ, ಸಾಂಬಾರು. ಹಾಲಿನ ಜೊತೆ ರಾಗಿ ಮಾಲ್ಟ್ ಸೇರಲು 2024 ಆಗಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು, ತಿನ್ನುವವರಿಗೆ ಮೊಟ್ಟೆ ಎಂಬ ಏರ್ಪಾಟು ನನಗಂತೂ ನ್ಯಾಯವಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಕೈಗಳ ನಡುವೆ ಹೆಸರು ಮರೆತುಹೋಗುವುದು ಅಡುಗೆಯವರದು. ಬಹುಪಾಲು ಅದೇ ಊರಿನ ಹೆಂಗಸರು. ಅವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಇರಲಿ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಿದ್ದೂ ದಲಿತ ಮಹಿಳೆ ಅಡುಗೆ ಮಾಡಿದಳೆಂದು ಮಕ್ಕಳಿಗೆ ಉಣ್ಣಬೇಡಿ ಎಂದ ಊರುಗಳು ನಮ್ಮ ನಾಡಿನಲ್ಲೂ ಇವೆ. ಮತ್ತೆ ಅದೇ ಊರುಗಳಲ್ಲಿ, ಮಾರನೆಯ ಬೆಳಗ್ಗೆಯೂ ಬೇಳೆ ಬೇಯಿಸಲು ಬಂದವರೂ ಇವರೇ. ಇವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಅದನ್ನು ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಎಷ್ಟೋ ಸಲ ಧರಣಿ ಕೂತಿದ್ದಾರೆ.