ವಾಚಿಗೆ ಕೀ ಕೊಟ್ಟ ಊರು

ಕೀ ಕೊಡುವ ವಾಚುಗಳಿದ್ದ ಕಾಲದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗಿನ ಹೊತ್ತು ಒಂದು ಪುಟ್ಟ ಕೆಲಸ ತಪ್ಪದೆ ನಡೆಯುತ್ತಿತ್ತು. ಸ್ನಾನ ಮುಗಿಸಿ, ತಲೆ ಬಾಚಿಕೊಂಡು, ಅಂಗಿಯ ಗುಂಡಿ ಹಾಕಿದ ಮೇಲೆ ಮನೆಯ ಹಿರಿಯರು ಗೂಡಿನಲ್ಲಿಟ್ಟಿದ್ದ ವಾಚನ್ನು ಕೈಗೆತ್ತಿಕೊಳ್ಳುತ್ತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಅದರ ತಿರುಪನ್ನು ಹಿಡಿದು ಕರಕರನೆ ತಿರುಗಿಸಿ, ಆಕಾಶವಾಣಿಯ ವಾರ್ತೆಗೆ ಮುಂಚೆ ಕೇಳಿಬರುತ್ತಿದ್ದ ಸಮಯದ ಸದ್ದಿಗೆ ಮುಳ್ಳನ್ನು ಹೊಂದಿಸಿ, ಕೈಗೆ ಕಟ್ಟಿಕೊಂಡು ಹೊರಬೀಳುತ್ತಿದ್ದರು.

ಅಂಥ ವಾಚು ಒಮ್ಮೆ ಪೂರ್ತಿ ಕೀ ಕೊಟ್ಟರೆ ಸುಮಾರು ಒಂದೂವರೆ ದಿನ ನಡೆಯುತ್ತದೆ. ಇಡೀ ವಾರಕ್ಕಾಗುವಷ್ಟು ಕೀಯನ್ನು ಭಾನುವಾರವೇ ಕೊಟ್ಟು ನಿಶ್ಚಿಂತೆಯಿಂದ ಇರುವಂತಿಲ್ಲ. ಹಾಗೆಂದು ಒಂದು ದಿನ ಮರೆತರೆ ವಾಚು ಕೆಟ್ಟುಹೋಗುವುದೂ ಇಲ್ಲ; ಮತ್ತೆ ತಿರುಗಿಸಿದರೆ ನಿಂತಲ್ಲಿಂದ ಮುಂದೆ ನಡೆಯುತ್ತದೆ. ಒಳ್ಳೆಯ ಅಭ್ಯಾಸಗಳ ಸ್ವಭಾವವೂ ಇದೇ.

ಆ ವಾಚುಗಳ ಮುಖದ ಮೇಲೆ ಹೆಚ್ಚಾಗಿ ಎಚ್.ಎಂ.ಟಿ. ಎಂಬ ಮೂರಕ್ಷರ ಇರುತ್ತಿತ್ತು. ಅವು ಮೊದಲು ತಯಾರಾದದ್ದು ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ. ಕೆಲಸ ಇಂದು ಇದೆ, ನಾಳೆ ಇರುತ್ತದೋ ಇಲ್ಲವೋ ಎಂಬ ಆತಂಕ ಮನೆಮನೆಗೂ ಬಂದಿರುವ ಈ ದಿನಗಳಲ್ಲಿ ‘ದಿನಚರಿ ಸರಿಪಡಿಸಿಕೊಳ್ಳಿ, ಅಭ್ಯಾಸ ಬೆಳೆಸಿಕೊಳ್ಳಿ’ ಎಂಬ ಉಪದೇಶಕ್ಕೆ ಕೊರತೆಯಿಲ್ಲ. ಆದರೆ ದಿನಚರಿ ಎಂಬುದು ಒಬ್ಬೊಬ್ಬರ ಮನೋಬಲದಿಂದಷ್ಟೇ ಹುಟ್ಟುತ್ತದೆಯೆ? ಉತ್ತರ ಬೆಂಗಳೂರಿನ ಇತಿಹಾಸ ಈ ಪ್ರಶ್ನೆಗೆ ಸ್ವಲ್ಪ ಬೇರೆಯದೇ ಉತ್ತರ ಕೊಡುತ್ತದೆ.

ಹೊತ್ತಿನಿಂದ ಗಂಟೆಗೆ

ಹೆಬ್ಬಾಳ, ಜಾಲಹಳ್ಳಿಗಳು ನಗರದ ಬಡಾವಣೆಗಳಾಗುವ ಮುನ್ನ ಕೆರೆ, ಹೊಲಗಳ ನಡುವಿನ ಹಳ್ಳಿಗಳು. ಯಲಹಂಕ ನಾಡಪ್ರಭುಗಳ ಊರು. ಅಲ್ಲಿ ದಿನವನ್ನು ಅಳೆಯುತ್ತಿದ್ದುದು ಹೊತ್ತಿನ ಲೆಕ್ಕದಲ್ಲಿ: ಕೋಳಿ ಕೂಗುವ ಹೊತ್ತು, ಹಾಲು ಕರೆಯುವ ಹೊತ್ತು, ದನ ಮನೆಗೆ ತಿರುಗುವ ಹೊತ್ತು, ದೀಪ ಹಚ್ಚುವ ಹೊತ್ತು. ಪಂಚಾಂಗ ನೋಡುವವರಿಗೆ ದಿನಕ್ಕೆ 60 ಗಳಿಗೆ. ಗಳಿಗೆಯೆಂದರೆ ಇಂದಿನ 24 ನಿಮಿಷ. ಈ ಬದುಕಿನಲ್ಲಿ ಶಿಸ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ನೀರಗಂಟಿ ಸರದಿ ತಪ್ಪಿಸಿದರೆ ಗದ್ದೆ ಒಣಗುತ್ತಿತ್ತು, ಹಾಲು ಕರೆಯುವುದು ತಡವಾದರೆ ಹಸು ಕೂಗುತ್ತಿತ್ತು. ದಿನಚರಿಯನ್ನು ನೆನಪಿಸಲು ಸುತ್ತಲಿನ ಜೀವಜಗತ್ತೇ ಇತ್ತು.

ಗಡಿಯಾರದ ಗಂಟೆ ಈ ಕಡೆಗೆ ಬಂದದ್ದು ಮುಖ್ಯವಾಗಿ ರೈಲಿನ ಜೊತೆಗೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಯಶವಂತಪುರ, ಯಲಹಂಕಗಳ ಮೂಲಕ ಹಳಿ ಹಾಯಿತು. ಅಂದಿನ ರೈಲುಗಳು ನಡೆಯುತ್ತಿದ್ದುದು ಮದರಾಸಿನ ಸಮಯಕ್ಕೆ. ಇಂದು ನಾವು ಅನುಸರಿಸುವ ಭಾರತೀಯ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಕಿರುಹಳಿಯ ರೈಲು 1915ರಲ್ಲಿ ಓಡತೊಡಗಿತು. ಸಂತೆಗೆ ಹೋಗುವ ರೈತ ‘ಹೊತ್ತೇರಿದ ಮೇಲೆ ಹೊರಟರಾಯಿತು’ ಎನ್ನುವಂತಿರಲಿಲ್ಲ. ರೈಲು ಯಾರಿಗೂ ಕಾಯುತ್ತಿರಲಿಲ್ಲ.

ಮುದ್ದೇನಹಳ್ಳಿಯ ಪಾಠ

ಆ ರೈಲು ಸಾಗುತ್ತಿದ್ದ ನಂದಿಯ ತಪ್ಪಲಿನಲ್ಲಿಯೇ ಮುದ್ದೇನಹಳ್ಳಿ ಇದೆ. ಕರ್ನಾಟಕದಲ್ಲಿ ದಿನಚರಿ, ಸಮಯಪಾಲನೆ ಎಂದೊಡನೆ ನೆನಪಾಗುವ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅದು. ಅವರ ಶಿಸ್ತಿನ ಬಗ್ಗೆ ಪ್ರಚಾರದಲ್ಲಿರುವ ಕತೆಗಳಿಗೆ ಲೆಕ್ಕವಿಲ್ಲ. ಕತೆಗಳನ್ನು ಬದಿಗಿಟ್ಟು ಅವರ ವೃತ್ತಿಜೀವನವನ್ನು ನೋಡಿದರೆ ಹೆಚ್ಚು ಉಪಯೋಗ.

ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದರು. ಮೇಲಿನ ಹುದ್ದೆಗಳು ಭಾರತೀಯರಿಗೆ ಸುಲಭವಾಗಿ ದಕ್ಕದ ಕಾಲ ಅದು. 1908ರಲ್ಲಿ ಅವರು ಆ ಭದ್ರವಾದ ನೌಕರಿಯನ್ನು ತಾವಾಗಿಯೇ ಬಿಟ್ಟರು. ಅದೇ ವರ್ಷ ಮೂಸಿ ನದಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದ ಹೈದರಾಬಾದಿನಿಂದ ಕರೆ ಬಂತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. 1918ರಲ್ಲಿ ದಿವಾನಗಿರಿಯಿಂದಲೂ ಕೆಳಗಿಳಿದರು. ಆಮೇಲೆ ಅವರು ಬದುಕಿದ್ದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ. 1920ರಲ್ಲಿ ಒಂದು ಗ್ರಂಥ, 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ ಇನ್ನೊಂದು ಗ್ರಂಥ, 1951ರಲ್ಲಿ ವೃತ್ತಿಜೀವನದ ನೆನಪುಗಳು. ಹುದ್ದೆ ಹೋದ ಮೇಲೂ ದಿನಚರಿ ಉಳಿಯಿತು. ನಿಯತವಾದ ವೇಳೆ, ಮೊದಲೇ ಯೋಚಿಸಿದ ಕೆಲಸ, ಮಿತವಾದ ಆಹಾರ, ನಡಿಗೆ, ಇಷ್ಟೇ ಅದರ ಗುಟ್ಟು.

ಆದರೆ ಇಲ್ಲೊಂದು ಮಾತನ್ನು ಮರೆಯಬಾರದು. ದಿವಾನಗಿರಿ ಬಿಡಲು ಕಾರಣವಾದದ್ದು ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ಪ್ರಶ್ನೆ. ಅರ್ಹತೆಯೊಂದೇ ಅಳತೆಯಾಗಬೇಕೆಂಬುದು ವಿಶ್ವೇಶ್ವರಯ್ಯನವರ ನಿಲುವು; ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಈ ವಿಷಯದಲ್ಲಿ ಇತಿಹಾಸ ದಿವಾನರ ಪಕ್ಷ ವಹಿಸಲಿಲ್ಲ. ಶಾಲೆಯ ಬಾಗಿಲೇ ತೆರೆಯದವನಿಗೆ ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸವೊಂದೇ ಏನು ಮಾಡೀತು? ಶಿಸ್ತಿಗೆ ಫಲ ಸಿಗಬೇಕಾದರೆ ಅವಕಾಶವೂ ಇರಬೇಕು. ವಿದ್ಯಾರ್ಥಿವೇತನ ಸಿಗದೆ ಹೋಗಿದ್ದರೆ ಮುದ್ದೇನಹಳ್ಳಿಯ ಹುಡುಗನ ಶಿಸ್ತೂ ಎಲ್ಲಿಗೆ ಮುಟ್ಟುತ್ತಿತ್ತೋ!

ಜಾಲಹಳ್ಳಿಯ ಸೈರನ್

ಅಂಥ ಅವಕಾಶವನ್ನು ಸಾವಿರಾರು ಜನರಿಗೆ ಒಟ್ಟಿಗೆ ತಂದುಕೊಟ್ಟದ್ದು ಸ್ವಾತಂತ್ರ್ಯಾನಂತರದ ಸಾರ್ವಜನಿಕ ಉದ್ಯಮಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಬಿಡಾರಗಳಿದ್ದ ಜಾಲಹಳ್ಳಿಯ ಆಸುಪಾಸಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿಕೊಂಡವು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಲೇತು ಮಾಡಲು ಕಲಿತ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಕೈ ಹಾಕಿತು. ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ‘ಜನತಾ’ ಎಂಬ ಕೀ ಕೊಡುವ ವಾಚು ಹೆಸರಿಗೆ ತಕ್ಕಂತೆ ಜನರ ವಾಚೇ ಆಯಿತು. ಅಂಧರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚುಗಳನ್ನೂ ಸಂಸ್ಥೆ ತಯಾರಿಸಿತು. ಮದುವೆಯಲ್ಲಿ ಅಳಿಯನಿಗೆ, ಪಾಸಾದ ಮಗನಿಗೆ, ನಿವೃತ್ತರಾದ ಮೇಷ್ಟರಿಗೆ ಕೊಡುವ ಉಡುಗೊರೆ ಎಂದರೆ ಎಚ್.ಎಂ.ಟಿ. ಎಂಬಂತಾಯಿತು.

ವಾಚು ತಯಾರಿಸುವ ಕೆಲಸಕ್ಕೇ ಒಂದು ನಿಯಮವಿದೆ. ಕೂದಲೆಳೆಯಷ್ಟು ತೆಳುವಾದ ತಂತಿ, ಸಾಸಿವೆಗಿಂತ ಸಣ್ಣ ತಿರುಪು, ಧೂಳಿಲ್ಲದ ಕೋಣೆ, ನಡುಗದ ಕೈ. ರಾತ್ರಿ ನಿದ್ದೆಗೆಟ್ಟವರ ಕೈಗೆ ಬಗ್ಗುವ ಕೆಲಸವಲ್ಲ ಅದು. ಬಿಡಿಭಾಗಗಳನ್ನು ಜೋಡಿಸುವ ವಿಭಾಗದಲ್ಲಿ ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ದುಡಿದರು.

ಈ ಶಿಸ್ತನ್ನು ಕಾರ್ಮಿಕರು ತಮ್ಮ ಮನೋಬಲದಿಂದಲೇ ಕಟ್ಟಿಕೊಳ್ಳಬೇಕಾಗಿರಲಿಲ್ಲ ಎಂಬುದು ಮುಖ್ಯ. ಎಬ್ಬಿಸಲು ಸೈರನ್ ಇತ್ತು. ಕರೆದೊಯ್ಯಲು ಕಾರ್ಖಾನೆಯ ಬಸ್ಸಿತ್ತು. ಅದು ತಪ್ಪಿದರೆ ಅರ್ಧ ದಿನದ ಸಂಬಳಕ್ಕೆ ಕುತ್ತು. ಊಟಕ್ಕೆ ಕ್ಯಾಂಟೀನು, ಕಾಯಿಲೆಗೆ ಆಸ್ಪತ್ರೆ, ಕೆಲಸ ಕಲಿಯಲು ತರಬೇತಿ ಕೇಂದ್ರ, ಸಂಜೆಗೆ ಆಟದ ಮೈದಾನ, ನವೆಂಬರಿಗೆ ಕನ್ನಡ ಸಂಘದ ರಾಜ್ಯೋತ್ಸವ ಮತ್ತು ನಾಟಕ. ಮನೆಯಲ್ಲಿ ಸೈರನ್ನಿಗಿಂತ ಮುಂಚೆ ಎದ್ದು ಒಲೆ ಹಚ್ಚಿ ಡಬ್ಬಿ ಕಟ್ಟಿಕೊಡುವ ಹೆಂಗಸಿದ್ದಳು. ಅವಳ ದಿನಚರಿಗೆ ಯಾವ ಸೈರನ್ನೂ ಇರಲಿಲ್ಲ, ಸಂಬಳವೂ ಇರಲಿಲ್ಲ; ಗಂಡಸಿನ ಸಮಯಪಾಲನೆ ನಿಂತಿದ್ದುದು ಮಾತ್ರ ಅದರ ಮೇಲೆಯೇ.

ಕೀ ಇಳಿದಾಗ

1970ರ ದಶಕದಿಂದೀಚೆಗೆ ಜಗತ್ತಿನ ವಾಚಿನ ಉದ್ಯಮವನ್ನು ಕ್ವಾರ್ಟ್ಸ್ ತಂತ್ರ ಬುಡಮೇಲು ಮಾಡಿತು. ಬ್ಯಾಟರಿಯಿಂದ ನಡೆಯುವ ವಾಚಿಗೆ ಕೀ ಬೇಡ, ದಿನವೂ ಸಮಯ ಹೊಂದಿಸುವುದೂ ಬೇಡ. ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿಯೇ 1980ರ ದಶಕದಲ್ಲಿ ಟೈಟನ್ ಕಾರ್ಖಾನೆ ಬಂತು. 1991ರ ಆರ್ಥಿಕ ಸುಧಾರಣೆಯ ನಂತರ ಸಾರ್ವಜನಿಕ ಉದ್ಯಮಗಳಲ್ಲಿ ‘ಸ್ವಯಂ ನಿವೃತ್ತಿ’ ಎಂಬ ಪದ ಮನೆಮಾತಾಯಿತು. ಹತ್ತು ಕೋಟಿಗೂ ಮಿಕ್ಕಿ ವಾಚುಗಳನ್ನು ತಯಾರಿಸಿದ್ದ ಎಚ್.ಎಂ.ಟಿ.ಯ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಅದರ ವಸ್ತುಸಂಗ್ರಹಾಲಯ ತೆರೆಯಿತು.

ಐವತ್ತರ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಸೈರನ್ ಇಲ್ಲ, ಬಸ್ಸಿಲ್ಲ ಎಂದಾದರೆ ಮನುಷ್ಯ ಏನಾಗುತ್ತಾನೆ? ಇದನ್ನು ಸಮಾಜಶಾಸ್ತ್ರಜ್ಞರು ಬಹಳ ಹಿಂದೆಯೇ ಕಣ್ಣಾರೆ ಕಂಡಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ಬಳಿಯ ಮಾರಿಯೆಂಟಾಲ್ ಎಂಬ ಊರಿನ ಬಟ್ಟೆ ಗಿರಣಿ ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಮುಚ್ಚಿತು. ಊರಿಗೆ ಊರೇ ನಿರುದ್ಯೋಗಿಯಾಯಿತು. ಮಾರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1933ರಲ್ಲಿ ಅದನ್ನು ಪ್ರಕಟಿಸಿದರು. ಬಿಡುವು ಹೆಚ್ಚಿದ್ದರಿಂದ ಜನ ಹೆಚ್ಚು ಓದುತ್ತಾರೆಂದು ಯಾರಾದರೂ ಊಹಿಸಿಯಾರು. ನಡೆದದ್ದು ತಿರುಗುಮುರುಗು: ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರ ನಡಿಗೆಯೇ ನಿಧಾನವಾಯಿತು. ರಸ್ತೆಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬೆಳಗಿನಿಂದ ಏನು ಮಾಡಿದಿರಿ ಎಂದರೆ ಎರಡು ಮೂರು ಸಂಗತಿಗಿಂತ ಹೆಚ್ಚು ಹೇಳಲಾಗುತ್ತಿರಲಿಲ್ಲ. ಮನೆಗೆಲಸದ ಕಟ್ಟು ಇದ್ದುದರಿಂದ ಹೆಂಗಸರ ಹೊತ್ತು ಮಾತ್ರ ಅಷ್ಟು ಚೆದುರಿರಲಿಲ್ಲ.

ಕೆಲಸವೆಂಬುದು ಸಂಬಳದ ಜೊತೆಗೆ ಇನ್ನೂ ಐದನ್ನು ಕೊಡುತ್ತದೆಂದು ಯಹೋಡಾ ಮುಂದೆ ವಿವರಿಸಿದರು: ದಿನಕ್ಕೊಂದು ಕಟ್ಟು, ಮನೆಯಾಚೆಯ ಜನರ ಒಡನಾಟ, ಹತ್ತು ಜನರೊಡನೆ ಹಂಚಿಕೊಂಡ ಗುರಿ, ಸಮಾಜದಲ್ಲೊಂದು ಸ್ಥಾನ, ಕೈಗೆ ತಪ್ಪದ ಚಟುವಟಿಕೆ. ಜಾಲಹಳ್ಳಿಯ ಸೈರನ್ ಕೊಟ್ಟಿದ್ದುದು ಈ ಐದನ್ನೇ. ಜಾಲಹಳ್ಳಿಗೂ ಮಾರಿಯೆಂಟಾಲ್‌ಗೂ ಒಂದು ವ್ಯತ್ಯಾಸವಿತ್ತು. ಇಲ್ಲಿ ಸುತ್ತ ಬೆಳೆಯುತ್ತಿದ್ದ ನಗರವಿತ್ತು. ಪಕ್ಕದ ಪೀಣ್ಯದಲ್ಲಿ 1970ರ ದಶಕದಿಂದ ಬೆಳೆದ ಸಣ್ಣ ವರ್ಕ್‌ಶಾಪುಗಳಿಗೆ ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಬೇಕಾಗಿದ್ದವು. ಕಾರ್ಖಾನೆ ಹೋದರೂ ಅಲ್ಲಿ ಕಲಿತ ಕಸುಬು ಕೈಯಲ್ಲಿ ಉಳಿದಿತ್ತು.

ಇಂದಿನ ಬೆಳಗಿಗೆ

ಇಂದು ಹೆಬ್ಬಾಳದ ಮೇಲುಸೇತುವೆಯಲ್ಲಿ ಬೆಳಿಗ್ಗೆ ಸಿಕ್ಕಿಕೊಂಡಿರುವ ತರುಣ ತರುಣಿಯರಲ್ಲಿ ಅನೇಕರಿಗೆ ಸೈರನ್ನೂ ಇಲ್ಲ, ಮೂವತ್ತು ವರ್ಷದ ನೌಕರಿಯ ಭರವಸೆಯೂ ಇಲ್ಲ. ಗುತ್ತಿಗೆ ಮುಗಿಯಬಹುದು, ಕೆಲಸವನ್ನು ಯಂತ್ರವೇ ಕಲಿತುಬಿಡಬಹುದು. ಹಿಂದೆ ಕಾರ್ಖಾನೆ ಕಟ್ಟಿಕೊಡುತ್ತಿದ್ದ ದಿನಚರಿಯನ್ನು ಇವರು ತಾವೇ ಕಟ್ಟಿಕೊಳ್ಳಬೇಕಾಗಿದೆ. ಇದು ಸೋಮಾರಿತನದ ಪ್ರಶ್ನೆಯಲ್ಲ. ಹೊರೆಯೇ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಬಂದಿದೆ. ಕೆಲಸ ಕಳೆದುಕೊಂಡವರಿಗೆ ಶಿಸ್ತಿನ ಉಪದೇಶ ಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಕಟ್ಟಿಕೊಳ್ಳುವುದು ಹೇಗೆ? 21 ದಿನ ಮಾಡಿದರೆ ಅಭ್ಯಾಸವಾಗುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಒಂದು ಕೆಲಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನವೂ ಬೇಕಾಗಬಹುದೆಂಬ ಅಂದಾಜು. ನೀರು ಕುಡಿಯುವಂಥ ಸುಲಭದ ಅಭ್ಯಾಸ ಬೇಗ ಕೂಡಿತು, ವ್ಯಾಯಾಮ ತಡವಾಯಿತು. ಆಗೊಮ್ಮೆ ಈಗೊಮ್ಮೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ನಷ್ಟವಾಗಲಿಲ್ಲ. ದಿನವೂ ಇರುವ ಯಾವುದಾದರೊಂದು ಸಂದರ್ಭಕ್ಕೆ, ಉದಾಹರಣೆಗೆ ಬೆಳಗಿನ ತಿಂಡಿಗೆ, ಹೊಸ ಕೆಲಸವನ್ನು ಕಟ್ಟಿಹಾಕುವುದೇ ಅಲ್ಲಿನ ವಿಧಾನ. ನಮ್ಮ ಹಿರಿಯರು ಸ್ನಾನ ಮುಗಿದೊಡನೆ ವಾಚಿಗೆ ಕೀ ಕೊಡುತ್ತಿದ್ದುದೂ ಹಾಗೆಯೇ ಅಲ್ಲವೆ?

ಕಾಫಿ ಕುಡಿದ ಮೇಲೆ ತನ್ನ ಕಸುಬಿಗೆ ಸಂಬಂಧಿಸಿದ ನಾಲ್ಕು ಪುಟ ಓದುವುದು, ಸಂಜೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೆಬ್ಬಾಳ ಕೆರೆಯ ಕಡೆಗೋ ಯಲಹಂಕ ಕೆರೆಯ ಕಡೆಗೋ ನಡೆದು ಬರುವುದು, ಮಲಗುವ ಮುನ್ನ ಅಂದು ಕಲಿತದ್ದನ್ನು ಒಂದು ಸಾಲು ಬರೆದಿಡುವುದು, ಬೆಳಗಿನ ಡಬ್ಬಿ ಕಟ್ಟುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳುವುದು. ಇವು ದೊಡ್ಡ ಸಾಧನೆಗಳೇನಲ್ಲ. ಆದರೆ ಕಸುಬು, ದೇಹ, ಒಡನಾಟ ಮೂರಕ್ಕೂ ಇವುಗಳಲ್ಲಿ ಜಾಗವಿದೆ. ಒಬ್ಬರೇ ಮಾಡುವುದಕ್ಕಿಂತ ಇಬ್ಬರು ಕೂಡಿ ಮಾಡಿದ್ದು ಹೆಚ್ಚು ದಿನ ನಿಲ್ಲುತ್ತದೆಂಬುದು ಕನ್ನಡ ಸಂಘ ನಡೆಸಿದ ಯಾವ ಕಾರ್ಮಿಕರನ್ನು ಕೇಳಿದರೂ ತಿಳಿದೀತು.

ಹಳೆಯ ಜನತಾ ವಾಚುಗಳನ್ನು ಹುಡುಕಿ ತಂದು, ಎಣ್ಣೆ ಹಾಕಿಸಿ ಕಟ್ಟಿಕೊಳ್ಳುವ ಹುಡುಗರು ಈಗಲೂ ಇದ್ದಾರೆ. ಸಮಯ ನೋಡಲು ಅವರ ಜೇಬಿನಲ್ಲಿ ಫೋನಿದೆ. ಆದರೂ ಬೆಳಿಗ್ಗೆ ಎದ್ದು ವಾಚಿಗೆ ಕೀ ಕೊಡುತ್ತಾರೆ. ಅದು ತಯಾರಾದ ಕಾರ್ಖಾನೆ ಮುಚ್ಚಿದೆ. ವಾಚು ಮಾತ್ರ ಅಂದಂದಿನ ಕೀ ಅಂದಂದಿಗೆ ಸಿಕ್ಕರೆ ನಡೆಯುತ್ತಲೇ ಇದೆ.